ನನಗಲ್ಲವ್ವ, ಗಾಡಿಗೆ

ಆ ವರ್ಷ ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಓಡಿಸುತ್ತಿದ್ದವರಲ್ಲಿ ಗಾಳೆಪ್ಪನಷ್ಟು ಆ ಕ್ಯಾಸೆಟ್ಟನ್ನು ಹೊಗಳಿದವರು ಇನ್ನೊಬ್ಬರಿರಲಿಲ್ಲ. ಬೇರೆ ಡ್ರೈವರುಗಳು ಹಳೆಯ ಸಿನಿಮಾ ಹಾಡು ಕೇಳುತ್ತ ಅದರ ನಡುವೆ ಇದನ್ನೂ ಹಾಕುತ್ತಿದ್ದರು. ಗಾಳೆಪ್ಪ ಮಾತ್ರ ಬೆಳಿಗ್ಗೆ ಗಾಡಿ ಹತ್ತಿದವನು ಒಂದು ಬದಿ ಮುಗಿಯುತ್ತಲೇ ತಿರುವಿ ಹಾಕಿ, ಮತ್ತೆ ತಿರುವಿ ಹಾಕಿ, ಸಂಜೆಯ ತನಕ ಅದನ್ನೇ ಕೇಳುತ್ತಿದ್ದ. ಟೇಪು ಸುತ್ತಿಕೊಂಡು ಹಾಳಾದರೆ ಇರಲಿ ಎಂದು ಇನ್ನೊಂದು ಪ್ರತಿ ಕೊಂಡು ಸೀಟಿನ ಕೆಳಗೆ ಇಟ್ಟುಕೊಂಡಿದ್ದ.

ಕ್ಯಾಸೆಟ್ಟಿನ ಹೆಸರು 'ಕೆಂಪು ಧೂಳಿನ ಪದಗಳು'. ಮೇಲೆ ಸೆರಗು ಹೊದ್ದ ಒಬ್ಬ ಹಿರಿಯ ಹೆಣ್ಣುಮಗಳ ಫೋಟೋ. ಅದರ ಕೆಳಗೆ 'ನಿಂಗಕ್ಕ ಮತ್ತು ಸಂಗಡಿಗರು' ಎಂದು ದಪ್ಪ ಅಕ್ಷರ. ಆ ಸಂಗಡಿಗರಲ್ಲಿ ಒಬ್ಬಳು ಗಾಳೆಪ್ಪನ ಹೆಂಡತಿ ಕರೆಮ್ಮ.

ಕರೆಮ್ಮ ಕಂಪ್ಲಿಯ ಹೆಣ್ಣು. ನಾಟಿ ಹಚ್ಚುವ ಗದ್ದೆಗಳಲ್ಲಿ ಅವ್ವನ ಜೊತೆ ಬೆಳೆದವಳು. ಮದುವೆಯಾಗಿ ಹೊಸಪೇಟೆಯ ಚಿತ್ತವಾಡಗಿಗೆ ಬಂದ ಹೊಸತರಲ್ಲಿ ಯಾರದೋ ಸೀಮಂತದಲ್ಲಿ ಹೆಂಗಸರ ನಡುವೆ ಕೂತು ಒಂದು ಹಾಡು ಎತ್ತಿದ್ದಳಂತೆ. ಗಾಳೆಪ್ಪ ಆಗ ಅಂಗಳದಲ್ಲಿದ್ದ ನಾಲ್ಕು ಗಂಡಸರ ಮುಖ ನೋಡಿ ಒಳಗೆ ಹೇಳಿಕಳಿಸಿದ: "ಮಂದಿ ಮುಂದ ಬಾಯಿ ತೆಗೀಬ್ಯಾಡ ಅಂತ ಹೇಳ್ರಿ ಅಕಿಗೆ." ಆಮೇಲೆ ಅವಳು ಅವನೆದುರು ಹಾಡಲಿಲ್ಲ. ಅವನು ಮರೆತ. ಎರಡು ಹೆಣ್ಣುಮಕ್ಕಳಾದವು. ದೊಡ್ಡವಳು ಸುಧಾರಾಣಿ ಶಾಲೆಗೆ ಹೋಗತೊಡಗಿದ ಮೇಲೆ ಕರೆಮ್ಮ ಊರ ಹೊರಗಿನ ಅದಿರು ಪ್ಲಾಟಿಗೆ ಕೆಲಸಕ್ಕೆ ಸೇರಿದಳು. ಲಾರಿಗಳು ತಂದು ಸುರಿದ ಅದಿರಿನ ಗಟ್ಟಿಗಳನ್ನು ಸುತ್ತಿಗೆಯಿಂದ ಒಡೆದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವ ಕೆಲಸ. ಹೆಂಗಸರೆಲ್ಲ ಸಾಲಾಗಿ ಕೂತು ಒಡೆಯುವಾಗ ಸುತ್ತಿಗೆಯ ಪೆಟ್ಟಿಗೆ ಸರಿಯಾಗಿ ಹಾಡುತ್ತಿದ್ದರು. ಅಲ್ಲಿ ಗಾಳೆಪ್ಪ ಇರಲಿಲ್ಲ.

ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ವೀರೇಶ ಎಂಬವನು ಆ ಪ್ಲಾಟಿಗೆ ಪೂಜೆಯ ದಿನ ಸ್ಪೀಕರ್ ಕಟ್ಟಲು ಹೋದಾಗ ಈ ಹಾಡು ಕೇಳಿದ. ತನ್ನ ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹಾಸಿಗೆ ನೇತುಹಾಕಿ, ಹೆಂಗಸರನ್ನು ಕರೆಸಿ, ಒಂದು ಹಾರ್ಮೋನಿಯಂ ಸೇರಿಸಿ ರೆಕಾರ್ಡ್ ಮಾಡಿದ. ಆಗ ಗಾಳೆಪ್ಪ ಅದಿರು ಹೇರಿಕೊಂಡು ಬೇಲೆಕೇರಿ ಬಂದರಿನ ದಾರಿಯಲ್ಲಿದ್ದ. ಬಂದ ಮೇಲೆ ಕರೆಮ್ಮ ಅನ್ನ ಬಡಿಸುತ್ತ ಹೇಳಿದಳು:

"ನಿಂಗಕ್ಕ ಪದ ಹಾಡಿ ಕ್ಯಾಸೆಟ್ ಮಾಡ್ಯಾಳ. ನಾವೆಲ್ಲ ಹಿಂದ ದನಿಗೂಡಿಸೀವಿ, ಅಷ್ಟ."

"ಫೋಟೋ ಹಾಕ್ಯಾರೇನು?"

"ನಿಂಗಕ್ಕಂದು ಒಂದ."

"ಹಂಗಾದ್ರ ಇರ್ಲಿ ಬಿಡು," ಎಂದು ಗಾಳೆಪ್ಪ ಕೈ ತೊಳೆದ.

ಮೊದಲ ಸಲ ಅವನು ಅದನ್ನು ಕೇಳಿದ್ದು ಹೆಂಡತಿಯ ದನಿ ಎಲ್ಲಿದೆಯೋ ನೋಡೋಣ ಎಂಬ ಕುತೂಹಲಕ್ಕೆ. ಹಿಂದಿನ ಗುಂಪಿನಲ್ಲಿ ಅವಳ ದನಿ ಅವನಿಗೆ ಸಿಗಲಿಲ್ಲ. ಆದರೆ ಮುಂದೆ ನಿಂತು ಹಾಡುವ ಆ ದನಿ ಅವನನ್ನು ಹಿಡಿದು ಕೂರಿಸಿತು. ತೆಳ್ಳಗಿನ ದನಿಯಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿದಂತೆ ಸ್ವಲ್ಪ ಒಡಕು, ಮೇಲಕ್ಕೇರುವಾಗ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡು ಏರುವ ದನಿ. ಹಾಡುಗಳಲ್ಲಿ ದೇವರಿರಲಿಲ್ಲ, ರಾಜರಿರಲಿಲ್ಲ. ಧೂಳು ಕೂತು ಕೆಂಪಾದ ಬಾಳೆ ಎಲೆಯಲ್ಲಿ ಉಣ್ಣಲಾರದೆ ಕೂತ ಮದುಮಗನಿದ್ದ. ರಾಗಿ ಬೀಸುವುದನ್ನು ಬಿಟ್ಟು ಕಲ್ಲು ಬೀಸಲು ಕಲಿತ ಸೊಸೆಯಿದ್ದಳು. ಎಲ್ಲಕ್ಕಿಂತ ಗಾಳೆಪ್ಪನಿಗೆ ಇಷ್ಟವಾದದ್ದು, ಎಲ್ಲ ಡ್ರೈವರುಗಳಿಗೂ ಇಷ್ಟವಾದದ್ದು, ಎರಡನೇ ಬದಿಯ ಗಾಡಿ ಪದ.

ಹುಣ್ಣಿವಿಗೊಮ್ಮೆ ಮೈಯ ತೊಳೀತಾನ
ಅಮಾಸಿಗೆ ನಿಂಬಿಹಣ್ಣ ಕಟ್ಟತಾನ
ಕೆಮ್ಮಿದರ ಕಿವಿಗೊಟ್ಟು ಕೇಳತಾನ
ನನಗಲ್ಲವ್ವ, ಗಾಡಿಗೆ

'ನನಗಲ್ಲವ್ವ' ಎಂದು ಆ ದನಿ ನಿಲ್ಲಿಸಿದ ಕೂಡಲೇ ಹಿಂದಿನ ಹೆಂಗಸರೆಲ್ಲ ಸೇರಿ 'ಗಾಡಿಗೆ' ಎನ್ನುತ್ತಿದ್ದರು. ವಡ್ಡರಹಳ್ಳಿಯ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಾಗ ಡ್ರೈವರುಗಳು ಕೆಳಗಿಳಿದು ನೆರಳಿಗೆ ಕೂತು ಬೀಡಿ ಹಚ್ಚುತ್ತಿದ್ದರು. ಯಾರೋ ಒಬ್ಬ ಸುಮ್ಮನೆ 'ನನಗಲ್ಲವ್ವ' ಎಂದರೆ ಸಾಲಿನ ಆ ತುದಿಯಿಂದ 'ಗಾಡಿಗೆ' ಎಂದು ಉತ್ತರ ಬರುತ್ತಿತ್ತು. ಗಾಳೆಪ್ಪನಿಗೆ ಅಷ್ಟು ಸಾಲುತ್ತಿರಲಿಲ್ಲ. ಮುಂದಿನ ನುಡಿಯನ್ನು, ಗೋಡೆಯ ಕಲೆಯದನ್ನು, ಅವರಿಗೆ ಬಿಡಿಸಿ ಹೇಳುತ್ತಿದ್ದ.

ಗ್ವಾಡಿಗೆ ಸಿಡಿದ ಸಾರಿನ ಕಲಿಗೆ
ಸುಣ್ಣ ಬಳದೆ ನಾ ದೀವಳಿಗಿಗೆ
ಸುಣ್ಣದ ಸೆರಗ ಸರಿಸಿಕೋತ ಕಲಿ
ಇಣಿಕಿ ನೋಡತೈತಿ ನನ್ನ ಕಡಿಗೆ

"ನೋಡ್ರಲೇ," ಅನ್ನುತ್ತಿದ್ದ ಗಾಳೆಪ್ಪ, "ಗಂಡ ಉಣ್ಣೋ ಗಂಗಾಳ ಎತ್ತಿ ಒಗದ ಅಂತ ಎಲ್ಲಿ ಹೇಳ್ಯಾಳ? ಹೇಳೇ ಇಲ್ಲ. ಕಲಿ ಒಂದ ತೋರ್ಸ್ಯಾಳ. ಕಲಿ ಸೆರಗು ಸರಿಸಿ ನೋಡ್ತೈತಿ ಅಂದ್ರ, ಅಕಿ ಎಷ್ಟು ದಿನ ಆ ಗ್ವಾಡಿ ಮುಂದ ಕುಂತಿರಬೇಕು, ಹೇಳ್ರಿ."

ಅವನ ಜೊತೆಗಾರ ಪಂಪೇಶ ನಗುತ್ತಿದ್ದ. "ನಿಂಗಕ್ಕನ ಗಂಡ ಬಲೇ ನನ್ಮಗ ಇದ್ದ ಅಂತ ಕಾಣ್ತೈತಿ."

"ಮೂರ್ಖ ಸೂಳೇಮಗ," ಎಂದ ಗಾಳೆಪ್ಪ. "ಇಂಥಾ ಬಂಗಾರದಂಥ ಹೆಣ್ಣನ್ನ ಮನ್ಯಾಗ ಇಟ್ಕೊಂಡು."

ಅವನು ತನ್ನನ್ನು ಒಳ್ಳೆಯವನೆಂದೇ ತಿಳಿದಿದ್ದ. ಇಸ್ಪೀಟು ಆಡುತ್ತಿರಲಿಲ್ಲ. ದಾರಿಯ ಢಾಬಾಗಳ ಹಿಂದಿನ ಗುಡಿಸಲುಗಳಿಗೆ ಹೋಗುತ್ತಿರಲಿಲ್ಲ. ಟ್ರಿಪ್ಪು ಮುಗಿಸಿ ಬಂದ ದಿನ ಕುಡಿಯುತ್ತಿದ್ದ. ಅದು ಮೈಕೈ ನೋವಿಗೆ. ಕುಡಿದಾಗ ಕೆಲವು ಸಲ ದನಿ ಏರಿತ್ತು, ಕೆಲವು ಸಲ ಕೈಯೂ ಏರಿತ್ತು. ಅದನ್ನು ಬೆಳಿಗ್ಗೆಯವರೆಗೆ ನೆನಪಿಟ್ಟುಕೊಳ್ಳುವ ಸಂಗತಿ ಎಂದು ಅವನು ಭಾವಿಸಿರಲಿಲ್ಲ.

ಒಂದು ಮಧ್ಯಾಹ್ನ ಅಪರೂಪಕ್ಕೆ ಹೆಂಡತಿಯ ಪ್ಲಾಟಿಗೆ ಅದಿರು ತಂದಾಗ ಗಾಡಿ ಖಾಲಿಯಾಗುವುದು ತಡವಾಯಿತು. ಗಾಳೆಪ್ಪನಿಗೆ ನಿಂಗಕ್ಕನನ್ನು ಕಂಡು ಒಂದು ಮಾತು ಹೇಳಿಹೋಗಬೇಕೆನಿಸಿತು. ಅಂಗಡಿಯಿಂದ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಹೆಂಗಸರು ಉಣ್ಣುತ್ತಿದ್ದ ತಗಡಿನ ಶೆಡ್ಡಿಗೆ ಹೋದ. ಚಿಕ್ಕ ಮಗಳಿಗೆ ಜ್ವರವೆಂದು ಕರೆಮ್ಮ ಅಂದು ಕೆಲಸಕ್ಕೆ ಬಂದಿರಲಿಲ್ಲ. ನಿಂಗಕ್ಕ ಐವತ್ತು ದಾಟಿದ ಹೆಂಗಸು, ಹುಬ್ಬಿನ ಕೂದಲಿನವರೆಗೆ ಕೆಂಪು ಧೂಳು. ಅವಳ ಮುಂದೆ ಪೊಟ್ಟಣ ಇಟ್ಟು ಗಾಳೆಪ್ಪ ಕೈಮುಗಿದ.

"ನಿಂಗಕ್ಕ, ನಾ ಊರೂರು ತಿರುಗಾಂವ. ಭಾಳ ಹಾಡು ಕೇಳೀನಿ. ನಿನ್ನಂಥಾ ಪದ ಕೇಳಿದ್ದಿಲ್ಲ. ಆ ಗಾಡಿ ಪದ ಹತ್ತಿದ್ರ ನನ್ನ ಕೈ ಸ್ಟೇರಿಂಗ್ ಮ್ಯಾಲ ನಿಂದ್ರಂಗಿಲ್ಲ. ನಿನ್ನ ಗಂಡ ನಮ್ಮ ಕೈಯಾಗ ಸಿಗಬೇಕಿತ್ತು ನೋಡು. ಡ್ರೈವರ್ ಜಾತಿಗೆ ಕೆಟ್ಟ ಹೆಸರು ತಂದಾನ."

ಉಣ್ಣುತ್ತಿದ್ದ ಹೆಂಗಸರ ಕೈ ನಿಂತಿತು. ನಿಂಗಕ್ಕ ಪೊಟ್ಟಣದ ದಾರ ಬಿಚ್ಚಲಿಲ್ಲ.

"ನನ್ನ ಗಂಡ ಗ್ವಾಡಿ ಕಟ್ಟೋ ಗೌಂಡಿ, ತಮ್ಮ. ನಿಮ್ಮ ಸುಧಾರಾಣಿ ಹುಟ್ಟೋಕಿಂತ ಮೊದಲ ಸತ್ತಾನ. ಗಾಡಿ ಬಿಡು, ಅಂವಗ ಸೈಕಲ್ ಹೊಡ್ಯಾಕೂ ಬರ್ತಿರಲಿಲ್ಲ."

"ಮತ್ತ ಪದದಾಗ..."

"ನನಗ ದಮ್ಮಡಿ ಬಡಿಯೋದೊಂದ ಗೊತ್ತು. ಪದ ಕಟ್ಟಾಕಿ ನಾನಲ್ಲ. ಹಾಡಾಕೀನೂ ನಾನಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೇಳಬ್ಯಾಡ ಅಂತ ಕರೆಮ್ಮ ಕೈಹಿಡಿದು ಕೇಳಿದ್ಲು. ಅದಕ್ಕ ನನ್ನ ಫೋಟೋ ಹಾಕಿಸಿದ್ಲು. ಆದ್ರ ನೀನು ಹಿಂಗ ಮಿರ್ಚಿ ತಂದು ಮುಂದಿಟ್ಟು ಹೊಗಳಿದ್ರ ಅದು ನನಗ ಗಂಟಲದಾಗ ಇಳಿಯಂಗಿಲ್ಲ."

ಯಾರಾದರೂ ನಕ್ಕಿದ್ದರೆ ಗಾಳೆಪ್ಪ ಸಿಟ್ಟಾಗಿ ಬಿಡುತ್ತಿದ್ದ. ಯಾರೂ ನಗಲಿಲ್ಲ. ಹೆಂಗಸರೆಲ್ಲ ತಮ್ಮ ತಮ್ಮ ಡಬ್ಬಿಗಳನ್ನು ನೋಡುತ್ತ ಕೂತರು. ಅವರಿಗೆಲ್ಲ ಮೊದಲಿನಿಂದ ಗೊತ್ತಿತ್ತು. ತಾನು ಹೊಗಳಿದ ದಿನಗಳಲ್ಲೆಲ್ಲ ಗೊತ್ತಿತ್ತು. ಗಾಳೆಪ್ಪ ಹೊರಗೆ ಬಂದು, ಗಾಡಿ ಖಾಲಿಯಾಗಿದೆಯೋ ಇಲ್ಲವೋ ನೋಡದೆ ಹತ್ತಿ ಎಂಜಿನ್ ಚಾಲೂ ಮಾಡಿದ. ಹಿಂದೆ ಅದಿರು ಇಳಿಸುತ್ತಿದ್ದವರು ಬೈದಾಗ ಬಂದ್ ಮಾಡಿದ.

ಅಂದು ಸಂಜೆ ಅವನು ಕುಡಿಯದೆ ಮನೆಗೆ ಹೋದ. ಓಣಿಯಲ್ಲಿ ನಡೆಯುವಾಗಲೇ ಒಳಗಿನ ಸದ್ದು ಕೇಳಿಸಿತು. ಮಕ್ಕಳಿಬ್ಬರೂ ನಗುತ್ತಿದ್ದರು. ಜ್ವರ ಬಿಟ್ಟಿರಬೇಕು, ಚಿಕ್ಕವಳು ಬಿದ್ದು ಬಿದ್ದು ನಗುತ್ತಿದ್ದಳು. ಕರೆಮ್ಮ ಏನನ್ನೋ ಯಾರದೋ ದನಿ ಅಣಕಿಸಿ ಹೇಳುತ್ತಿದ್ದಳು. ಅಷ್ಟು ನಗುವ ಮನೆ ತನ್ನದೆಂದು ಅವನಿಗೆ ಒಂದು ಕ್ಷಣ ಅನಿಸಲಿಲ್ಲ. ಚಿಲಕಕ್ಕೆ ಕೈ ಹಾಕಿದ. ಚಿಲಕ ಸದ್ದು ಮಾಡಿತು. ಒಳಗೆ ನಗು ನಿಂತಿತು.

ಪದದ ಕೊನೆಯ ನುಡಿ ಅವನಿಗೆ ಬಾಯಿಪಾಠವಾಗಿತ್ತು. ಎಷ್ಟೋ ಜನರಿಗೆ ಅದನ್ನು ತಾನೇ ಹಾಡಿ ತೋರಿಸಿದ್ದ.

ಬಾಗಿಲ ಸಪ್ಪಳ ಕೇಳುತಲೆ ಮಕ್ಕಳು
ನಗೆಯ ನುಂಗಿ ನೀರ ಕುಡದಾವು
ಕಳ್ಳರು ಬಂದಾರೇನ ತಂಗಿ?
ಕಳ್ಳರಲ್ಲವ್ವ, ಮನಿಯಾಂವ

ಅವನು ಬಾಗಿಲು ತೆರೆಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಕಟ್ಟೆಯ ಮೇಲೆ ಕೂತ. ಪಕ್ಕದ ಮನೆಯ ಮುದುಕಿ, "ಯಾಕಪ, ಹೊರಗ ಕುಂತಿ?" ಎಂದು ಕೇಳಿದಾಗ, "ಸೆಕೆ," ಎಂದ. ಕೊನೆಗೆ ಕರೆಮ್ಮನೇ ಬಾಗಿಲು ತೆಗೆದಳು.

ಒಳಗೆ ಹೋದವನು ಒಲೆಯ ಎದುರಿನ ಗೋಡೆ ನೋಡಿದ. ಕಲೆ ಇತ್ತು. ಅಂಗೈಯಷ್ಟು ಅಗಲ, ಕೆಳಕ್ಕೆ ಎರಡು ಮೂರು ಗೆರೆ ಇಳಿದ ಹಳದಿ ಕಲೆ. ಅದು ಎಂದು ಆದದ್ದೆಂದು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತೇ, ಕಡಿಮೆಯಾಗಿತ್ತೇ? ಗಂಗಾಳ ಎಸೆದವನು ತಾನು, ನೆನಪಿಟ್ಟುಕೊಂಡವಳು ಅವಳು. ಅವನಿಗೆ ಹೆಚ್ಚು ನಾಚಿಕೆಯಾದದ್ದು ಎಸೆದದ್ದಕ್ಕೋ ಮರೆತದ್ದಕ್ಕೋ ಹೇಳುವುದು ಕಷ್ಟ. ತನ್ನ ಮನೆಯ ಗೋಡೆಯ ಬಗ್ಗೆ ಊರಿಗೆಲ್ಲ ತಾನೇ ಬಿಡಿಸಿ ಹೇಳಿದ್ದನ್ನು ನೆನೆದರೆ ಮಾತ್ರ ಮುಖ ಸುಡುತ್ತಿತ್ತು.

ಮಕ್ಕಳು ಮಲಗಲು ಹೋದ ಮೇಲೆ ಕೇಳಿದ.

"ಆ ಪದ ನನ್ನ ಮ್ಯಾಲ ಕಟ್ಟಿದ್ದೇನು?"

ಕರೆಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಯಾರು ಹೇಳಿದರೆಂದು ಕೇಳಲಿಲ್ಲ.

"ನೀವು ಭಾಳ ಚಲೋ ಐತಿ ಅಂದ್ರಿ. ಬಂದಾಗೊಮ್ಮೆ ಅಂದ್ರಿ. ಹೇಳಬೇಕಂತ ಬಾಯಿ ತೆಗದೆ, ಬರಲಿಲ್ಲ."

"ಅಂಜಿಕಿ ಆತೇನು?"

"ಅಂಜಿಕಿ ಇತ್ತು." ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಅದಕ್ಕಿಂತ, ನೀವು ಹೊಗಳೋದು ಕೇಳಾಕ ಚಲೋ ಅನಿಸ್ತಿತ್ತು. ಹೇಳಿದ್ರ ನಿಂತುಬಿಡ್ತಿತ್ತು."

ಗಾಳೆಪ್ಪ ತಪ್ಪಾಯಿತು ಎನ್ನಬೇಕೆಂದುಕೊಂಡ. ಆ ಮಾತನ್ನು ಹೆಂಡತಿಗೆ ಹೇಳಿ ಅಭ್ಯಾಸವಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು.

ಮರುದಿನ ಅವನು ಕ್ಯಾಸೆಟ್ಟನ್ನು ತೆಗೆದು ಟೂಲ್ ಪೆಟ್ಟಿಗೆಯ ತಳಕ್ಕೆ ಹಾಕಿದ. ಅದರಿಂದೇನೂ ಆಗಲಿಲ್ಲ. ವಡ್ಡರಹಳ್ಳಿಯ ಸಾಲಿನಲ್ಲಿ ಮುಂದೆ ಲಾರಿ, ಹಿಂದೆ ಲಾರಿ, ಎದುರು ಬರುವ ಖಾಲಿ ಲಾರಿ, ಎಲ್ಲದರಲ್ಲೂ ಕರೆಮ್ಮ ಹಾಡುತ್ತಿದ್ದಳು. ಚಹಾದಂಗಡಿಯಲ್ಲಿ ಹಾಡುತ್ತಿದ್ದಳು. ಪಂಕ್ಚರ್ ಅಂಗಡಿಯಲ್ಲಿ ಹಾಡುತ್ತಿದ್ದಳು. ಬಿಸಿಲಿನಲ್ಲಿ ಕಿಟಕಿಯ ಗಾಜು ಏರಿಸಿ ಬೆವರುತ್ತ ಕೂತ ಗಾಳೆಪ್ಪನನ್ನು ಕಂಡು ಪಂಪೇಶ ಬಾಗಿಲು ಬಡಿದ.

"ಯಾಕಲೇ, ಟೇಪ್ ಕೆಟ್ಟೈತೇನು? ಬಾ, ಹುಡುಗ್ರು ನಿನ್ನ ದಾರಿ ನೋಡಾಕತ್ಯಾರ. ಆ ಕಲಿ ಮಾತು ಹೇಳು ಬಾ."

"ನನಗ ಹುಷಾರಿಲ್ಲ," ಎಂದ ಗಾಳೆಪ್ಪ. ಇಳಿಯಲಿಲ್ಲ. ನೆರಳಿನಲ್ಲಿ ಕೂತವರು ಅವನಿಲ್ಲದೆಯೇ 'ನನಗಲ್ಲವ್ವ' ಎಂದರು, 'ಗಾಡಿಗೆ' ಎಂದರು, ನಕ್ಕರು. ಆ ನಗುವಿನಲ್ಲಿ ತನ್ನ ಹೆಸರಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ತಲೆ ತಗ್ಗುತ್ತಿತ್ತು. ಅಷ್ಟು ದಿನ ಅವರ ಜೊತೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ.

ಏಪ್ರಿಲ್‌ನಲ್ಲಿ ಕಂಪ್ಲಿಯ ಅಂಬೇಡ್ಕರ್ ಜಯಂತಿಗೆ ನಿಂಗಕ್ಕನ ಮೇಳವನ್ನು ಕರೆದರು. ಕರೆಮ್ಮ ಬರುವುದಿಲ್ಲ ಎಂದಳು. ವೀರೇಶ ಮನೆಗೇ ಬಂದು ಬಾಗಿಲಲ್ಲಿ ನಿಂತು, "ಅಕ್ಕ, ನೀವಿಲ್ಲಂದ್ರ ಅದು ಕಾರ್ಯಕ್ರಮ ಆಗಂಗಿಲ್ಲ," ಎಂದು ಬೇಡಿಕೊಂಡ. ಕರೆಮ್ಮ ಗಂಡನ ಮುಖ ನೋಡಲಿಲ್ಲ. ಗಾಳೆಪ್ಪ ಮೂಲೆಯಲ್ಲಿ ಕೂತು ಚಪ್ಪಲಿಯ ಕಿತ್ತ ಉಂಗುಟ ಹೊಲಿಯುತ್ತಿದ್ದವನು ತಲೆ ಎತ್ತದೆಯೇ ಹೇಳಿದ:

"ಹೋಗು. ಮಕ್ಕಳನ್ನೂ ಕರ್ಕೊಂಡು ಹೋಗೂಣು. ನಾನೂ ಬರ್ತೀನಿ."

ಸಭಾಂಗಣ ತುಂಬಿತ್ತು. ಗದ್ದೆ ಕೆಲಸದವರು, ಅಕ್ಕಿ ಗಿರಣಿಯ ಹಮಾಲರು, ಶಾಲೆ ಮೇಷ್ಟ್ರು, ಹೊಸ ಬಟ್ಟೆ ತೊಟ್ಟ ಮಕ್ಕಳು. ಗಾಳೆಪ್ಪ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತ. ಕರೆಮ್ಮ ಮೈಕಿನ ಮುಂದೆ ನಿಂತಾಗ ಅವನಿಗೆ ಅವಳ ಗುರುತು ಸಿಗುವುದು ತಡವಾಯಿತು. ಬೆನ್ನು ನೆಟ್ಟಗಿತ್ತು. ಹಾಡುವ ಮೊದಲು ಕಣ್ಣು ಮುಚ್ಚಿ ಗದ್ದವನ್ನು ಸ್ವಲ್ಪ ಎತ್ತಿದಳು. ಇಷ್ಟು ದಿನ ಟೇಪಿನಲ್ಲಿ ಕೇಳಿದ ಆ ದನಿ ತನ್ನ ಹೆಂಡತಿಯ ಬಾಯಿಂದ ಬರುವುದನ್ನು ಅವನು ಆಗ ನೋಡಿದ.

ಅವಳು ಒಂದಾದ ಮೇಲೊಂದು ಹಾಡಿದಳು, ಗಾಡಿ ಪದ ಬಿಟ್ಟು. ಕೈಮುಗಿದು ಕೂರಲು ಹೋದಾಗ ಜನ ಬಿಡಲಿಲ್ಲ.

"ಗಾಡಿ ಪದ ಹೇಳವ್ವ," ಎಂದು ಒಬ್ಬರು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ಕರೆಮ್ಮನ ಕಣ್ಣು ಹಿಂದಿನ ಸಾಲಿಗೆ ಬಂತು. ಸುಧಾರಾಣಿ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ತಾನು ಇಲ್ಲಿ ಕೂತಿರುವವರೆಗೆ ಅವಳು ಹಾಡುವುದಿಲ್ಲವೆಂದು ಗಾಳೆಪ್ಪನಿಗೆ ಅರ್ಥವಾಯಿತು. ಹಾಡು ಎಂದು ಅಲ್ಲಿಂದ ಕೂಗಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಎದ್ದು, ಮಂದಿಯ ಮೊಣಕಾಲು ದಾಟಿಕೊಂಡು ಹೊರಗೆ ಹೋದ.

ಹೊರಗೆ ಬೇವಿನ ಮರಕ್ಕೆ ವೀರೇಶ ಕೊಳವೆ ಸ್ಪೀಕರ್ ಕಟ್ಟಿದ್ದ. ಅದರಡಿ ಕಲ್ಲಿನ ಮೇಲೆ ಒಬ್ಬ ವಯಸ್ಸಾದವನು ಕೂತು ತಂಬಾಕು ತಿಕ್ಕುತ್ತಿದ್ದ. ಒಳಗಿಗಿಂತ ಹೊರಗೇ ಜೋರಾಗಿ ಕೇಳಿಸುತ್ತಿತ್ತು. ಮೊದಲ ನುಡಿಗೆ ಸಭೆ ನಕ್ಕಿತು. ಕಲೆಯ ನುಡಿಗೆ ನಗು ಕಡಿಮೆಯಾಯಿತು. ಕೊನೆಯ ನುಡಿಯನ್ನು ಕರೆಮ್ಮ ಟೇಪಿನಲ್ಲಿ ಹಾಡಿದ್ದಕ್ಕಿಂತ ನಿಧಾನವಾಗಿ ಹಾಡಿದಳು. 'ಕಳ್ಳರಲ್ಲವ್ವ' ಎಂದು ನಿಂತಳು. ಹಿಂದಿನ ಹೆಂಗಸರು ದನಿಗೂಡಿಸಲಿಲ್ಲ. 'ಮನಿಯಾಂವ' ಎಂದು ಅವಳೊಬ್ಬಳೇ ಹೇಳಿದಳು.

"ಯಾವನೋ ಏನೋ, ಆ ಹೆಣ್ಣುಮಗಳನ್ನ ಭಾಳ ನೋಯಿಸ್ಯಾನ," ಎಂದ ಮುದುಕ. "ನೀವು ಯಾವೂರವ್ರು?"

"ಹೊಸಪೇಟಿ," ಎಂದ ಗಾಳೆಪ್ಪ. ಸ್ವಲ್ಪ ತಡೆದು, "ಆ ಗಂಡ ನಾನ ರೀ," ಎಂದ.

ಮುದುಕ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಗಾಳೆಪ್ಪ ಕೂರಲಿಲ್ಲ, ನಿಂತೇ ಇದ್ದ.

ಹೊಸಪೇಟೆಗೆ ಮರಳುವ ಬಸ್ಸಿನಲ್ಲಿ ಕರೆಮ್ಮ ಕೇಳಿದಳು, "ಎಲ್ಲಿ ಹೋಗಿದ್ರಿ?"

"ಹೊರಗ. ಅಲ್ಲೂ ಕೇಳಿಸ್ತು."

ಅವಳು ಕಿಟಕಿಯ ಕಡೆ ತಿರುಗಿದಳು. ಅವನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡು, ಬಸ್ಸಿನ ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದಂತೆ, ತಪ್ಪಾಗೈತಿ ಎಂದ. ಅವಳು ತಿರುಗಲಿಲ್ಲ. ಅವನು ಎರಡನೇ ಸಲ ಹೇಳಲಿಲ್ಲ.

ಆಮೇಲೆ ಅವನು ಗಂಗಾಳ ಎಸೆಯಲಿಲ್ಲ, ಕೈ ಎತ್ತಲಿಲ್ಲ. ಕುಡಿಯುವುದು ಒಮ್ಮೆಲೇ ನಿಲ್ಲಲಿಲ್ಲ. ಕುಡಿದ ದಿನ ಲಾರಿಯಲ್ಲೇ ಮಲಗಿ ಬೆಳಿಗ್ಗೆ ಮನೆಗೆ ಬರುತ್ತಿದ್ದ. ಚಿಕ್ಕವಳು ಬೇಗ ಹತ್ತಿರ ಬಂದಳು. ಸುಧಾರಾಣಿ ಬರಲಿಲ್ಲ. ಹೈಸ್ಕೂಲು ಮುಗಿಸುವವರೆಗೂ ಅಪ್ಪ ಒಳಗೆ ಬಂದರೆ ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಅವಳನ್ನು ಕರೆದು ಕೂರಿಸಿಕೊಳ್ಳುವ ಹಕ್ಕು ತನಗಿದೆಯೇ ಎಂಬುದು ಗಾಳೆಪ್ಪನಿಗೆ ಕೊನೆಗೂ ತಿಳಿಯಲಿಲ್ಲ.

ಗಣಿಗಳು ಬಂದ್ ಆದ ವರ್ಷ ರಸ್ತೆ ಖಾಲಿಯಾಯಿತು. ಲಾರಿಗಳು ಓಣಿಗಳ ತುದಿಯಲ್ಲಿ ಹುಲ್ಲು ಬೆಳೆಸಿಕೊಂಡು ನಿಂತವು. ಪ್ಲಾಟಿನ ಕೆಲಸವೂ ನಿಂತಿತು. ವೀರೇಶ ಆ ಹೊತ್ತಿಗೆ ಕ್ಯಾಸೆಟ್ಟು ಬಿಟ್ಟು ಫ್ಲೆಕ್ಸ್ ಬ್ಯಾನರ್ ಮಾಡತೊಡಗಿದ್ದ. ಗಾಳೆಪ್ಪ ಹಂಪಿಯ ಕಡೆ ಬಾಳೆಗೊನೆ ಹೊರುವ ಸಣ್ಣ ಗಾಡಿ ಓಡಿಸಿಕೊಂಡು, ಮಧ್ಯಾಹ್ನ ಊಟಕ್ಕೆ ಮನೆಗೆ ಬರುವವನಾದ.

ಅಂಥ ಒಂದು ಮಧ್ಯಾಹ್ನ ಉಂಡು ಕೈ ತೊಳೆದವನು ಹೊಸ್ತಿಲ ಬಳಿ ನಿಂತು, ಬಹಳ ದಿನ ಯೋಚಿಸಿಟ್ಟುಕೊಂಡ ಮಾತು ಎಂಬಂತೆ ಹೇಳಿದ:

"ಎಲ್ಲಾರೂ ಗಾಡಿ ಪದ ಅಂತಾರ. ನನಗ ಕೇಳಿದ್ರ ಮೊದಲನೇ ಬದಿಗೆ ಕಡೀಕ ಬರೋ ಪದ ಅದಕ್ಕಿಂತ ಮ್ಯಾಲ."

"ಯಾವ್ದು?"

"ಡ್ಯಾಮಿನ ಗೇಟು ತೆಗದು ಕಂಪ್ಲಿ ಸೇತುವಿ ಮ್ಯಾಲ ನೀರು ಬಂದದ್ದು. ಹಬ್ಬಕ್ಕ ತವರಿಗೆ ಬಂದ ಅಕ್ಕ ಗಂಗಾವತಿಗೆ ವಾಪಸ್ ಹೋಗಾಕ ಬರಂಗಿಲ್ಲ ಅಂತ ತಂಗಿ ಖುಷಿ ಪಡ್ತಾಳಲ್ಲ. 'ಗೇಟ ಮುಚ್ಚಬ್ಯಾಡ್ರಿ ಡ್ಯಾಮಿನವರ, ಅಕ್ಕನ ಬಟ್ಟಿ ಇನ್ನ ಒಣಗಿಲ್ಲ.' ಆ ಬಟ್ಟಿ ಮಾತು... ಹೆಂಗ ಹೊಳೀತು ನಿನಗ?"

ಕರೆಮ್ಮ ಒಲೆಯ ಬಳಿ ಬೂದಿ ಬಳಿಯುತ್ತಿದ್ದವಳು ಕೈ ನಿಲ್ಲಿಸಿ ಯೋಚಿಸಿದಳು.

"ಹೊಳದದ್ದಲ್ಲ. ನಮ್ಮಕ್ಕ ಅಂದದ್ದು," ಎಂದಳು. "ಆದ್ರ ಆ ಪದ ರೆಕಾರ್ಡಿನ್ಯಾಗ ಕೆಟ್ಟೈತಿ. ಹಾರ್ಮೋನಿಯಂನವನು ಓಡಿಸಿಬಿಟ್ಟ. ಅದನ್ನ ಇನ್ನೂ ನಿಧಾನ ಹಾಡಬೇಕಿತ್ತು."

"ಹೆಂಗ?" ಎಂದು ಗಾಳೆಪ್ಪ ಕೇಳಿದ.

ಅವಳು ಕೂಡಲೇ ಹಾಡಲಿಲ್ಲ. ಅವನು ಹೊಸ್ತಿಲಲ್ಲೇ ಕೂತ, ಕಾಯ್ದ.